ಹೊಟ್ಟೆಯೊಳಗೊಂದು ಚೀಲ: ಊಟಕ್ಕೆ ಹೆದರಬೇಕೇ?

ಮದುವೆ ಮನೆಗೆ ಬಂದ ಅತಿಥಿ ಊಟ ಬೇಡವೆಂದರೆ ಮನೆಯವರ ಮುಖ ಬಾಡುತ್ತದೆ. ಅಡುಗೆಯಲ್ಲಿ ಏನಾದರೂ ಕೊರತೆಯಾಯಿತೇ, ಕರೆದ ರೀತಿಯಲ್ಲಿ ತಪ್ಪಾಯಿತೇ ಎಂದು ಹೆಂಗಸರು ಒಳಗೊಳಗೇ ಕೊರಗುತ್ತಾರೆ. 2018ರಲ್ಲಿ ನನ್ನ ಅಣ್ಣನ ಮಗಳ ನಿಕಾಹ್‌ಗೆ ಅಮೆರಿಕದಿಂದ ಬಂದಿದ್ದ ನನ್ನ ಭಾವ (ಪತ್ನಿಯ ಅಣ್ಣ) ಊಟದ ಸಾಲಿನಲ್ಲಿ ಕುಳಿತು ಒಂದಿಷ್ಟು ಬಿಳಿ ಅನ್ನ ಮತ್ತು ಮಜ್ಜಿಗೆ ಮಾತ್ರ ಹಾಕಿಸಿಕೊಂಡರು. ಅದು ನನ್ನ ಉಮ್ಮನ ಕಣ್ಣಿಗೆ ಬಿತ್ತು. "ನಮ್ಮ ಮನೆಯ ಊಟ ನಿನಗೆ ಸೇರುವುದಿಲ್ಲವೇ ಮೋನೇ?" ಎಂದು ಅವರು ಕೇಳಿಯೇಬಿಟ್ಟರು.

ಐವತ್ತು ಮಂದಿಯ ಎದುರು ಭಾವ ಏನೆಂದು ಉತ್ತರಿಸಿಯಾರು? ನಕ್ಕು ತಟ್ಟೆಯನ್ನು ಮುಂದೆ ಚಾಚಿದರು. ಕೋಳಿ ಸುಕ್ಕ ಬಂತು, ನೀರುಳ್ಳಿ ಸೌತೆಕಾಯಿಯ ಸಲಾಡ್ ಬಂತು, ಕೊನೆಗೆ ಅನಾನಸು ಹೋಳುಗಳೂ ಬಂದವು. ಅಕ್ಕಪಕ್ಕದವರು ಮಾತಿಗೆ ಎಳೆಯುತ್ತಿದ್ದರು. ಅವರು ಉತ್ತರಿಸುತ್ತಾ ಬೇಗ ಬೇಗ ನುಂಗಿದರು. ಅಂದು ರಾತ್ರಿ ಎರಡು ಗಂಟೆಗೆ ನಮ್ಮ ಮನೆಯ ಬಚ್ಚಲಿನಲ್ಲಿ ಅವರು ಬೆವರುತ್ತಾ ಕುಳಿತಿದ್ದರು. ಅವರ ಹೊಟ್ಟೆಯೊಳಗಿನ ಚೀಲ ತುಂಬಿತ್ತು. ಅದನ್ನು ಖಾಲಿ ಮಾಡುವ ಕೊಳವೆಯ ಬಾಯಿಗೆ ತೆಂಗಿನಕಾಯಿ ತುರಿ ಮತ್ತು ಅನಾನಸಿನ ನಾರು ಸಿಕ್ಕಿಕೊಂಡಿತ್ತು.

ಅವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದೆ ಎಂಬುದಷ್ಟೇ ನಮಗೆ ಗೊತ್ತಿತ್ತು. ಉಳಿದದ್ದೆಲ್ಲ ಗೊತ್ತಾದದ್ದು ಆ ರಾತ್ರಿ. ಹೆಸರು ಹಾಕದೆ ಬರೆಯಲು ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ಇಂತಹವರು ನಮ್ಮ ನಡುವೆ ಇದ್ದಾರೆ ಮತ್ತು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದಾರೆ.

ಏನಿದು ಒಳಚೀಲ?

ದೊಡ್ಡ ಕರುಳಿನಲ್ಲಿ ಹುಣ್ಣಾಗಿ ರಕ್ತಭೇದಿಯಾಗುವ ಒಂದು ಕಾಯಿಲೆಯಿದೆ. ಅದನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ. ಔಷಧಿಗೆ ಬಗ್ಗದಿದ್ದಾಗ ದೊಡ್ಡ ಕರುಳನ್ನೇ ತೆಗೆಯಬೇಕಾಗುತ್ತದೆ. ಆಗ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಗೆ ತಂದು ಒಂದು ಬಾಯಿ ಮಾಡುತ್ತಾರೆ. ಇದು ಇಲಿಯಾಸ್ಟಮಿ. ಮಲವು ತೆಳ್ಳಗೆ ಹೊರಬರುತ್ತಲೇ ಇರುವುದರಿಂದ ಹೊಟ್ಟೆಯ ಮೇಲೆ ಸದಾ ಒಂದು ಚೀಲ ಅಂಟಿಸಿಕೊಂಡಿರಬೇಕು.

ಈ ಹೊರಚೀಲದ ಕಷ್ಟವನ್ನು ತಪ್ಪಿಸಲು ಸ್ವೀಡನ್ ದೇಶದ ಗೊಥೆನ್‌ಬರ್ಗ್‌ನ ಶಸ್ತ್ರವೈದ್ಯ ನಿಲ್ಸ್ ಕಾಕ್ ಒಂದು ದಾರಿ ಹುಡುಕಿದರು. ಸಣ್ಣ ಕರುಳಿನ ಕೊನೆಯ ಭಾಗದಿಂದಲೇ ಹೊಟ್ಟೆಯೊಳಗೆ ಒಂದು ಚೀಲ ಹೊಲಿಯುವ ವಿಧಾನವನ್ನು ಅವರು 1969ರಲ್ಲಿ ಪ್ರಕಟಿಸಿದರು. ಅನಂತರದ ವರ್ಷಗಳಲ್ಲಿ ಅದಕ್ಕೆ ಕರುಳನ್ನೇ ಒಳಮುಖವಾಗಿ ಮಡಚಿ ಮಾಡಿದ ಕವಾಟವೂ ಸೇರಿತು. ಕವಾಟವಿರುವುದರಿಂದ ಮಲವಾಗಲಿ ಗಾಳಿಯಾಗಲಿ ತಾನಾಗಿ ಹೊರಬರುವುದಿಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ ಮೃದುವಾದ ಕೊಳವೆಯೊಂದನ್ನು ಆ ಬಾಯಿಯ ಮೂಲಕ ಒಳಗಿಳಿಸಿ ಚೀಲವನ್ನು ಖಾಲಿ ಮಾಡಿಕೊಳ್ಳಬೇಕು. ಉಳಿದ ಹೊತ್ತು ಒಂದು ಸಣ್ಣ ಬಟ್ಟೆಯ ಪ್ಯಾಡ್ ಇಟ್ಟುಕೊಂಡರೆ ಸಾಕು. ಇದನ್ನು ಕಾಂಟಿನೆಂಟ್ ಇಲಿಯಾಸ್ಟಮಿ ಅಥವಾ ಕಾಕ್ ಪೌಚ್ ಎನ್ನುತ್ತಾರೆ. ಅಮೆರಿಕದ ವೈದ್ಯ ಬಾರ್ನೆಟ್ ಇದರಲ್ಲಿ ಕೆಲವು ಸುಧಾರಣೆಗಳನ್ನು ಮಾಡಿದರು. ನನ್ನ ಭಾವನಿಗೆ ಮಾಡಿದ್ದು ಆ ಬಗೆಯದು.

1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೊಲ್ಸ್ ಎಂಬ ವೈದ್ಯರು ಒಳಚೀಲವನ್ನು ಗುದದ್ವಾರಕ್ಕೇ ಜೋಡಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಕಾಕ್ ಪೌಚ್ ಕಡಿಮೆಯಾಗುತ್ತಾ ಬಂತು. ಅದರ ಕವಾಟ ಜಾರಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದೂ ಇದಕ್ಕೆ ಒಂದು ಕಾರಣ. ನಮ್ಮ ಊರುಗಳಲ್ಲಿ ಹೊರಚೀಲದವರು ಮತ್ತು ಜೆ ಪೌಚ್ ಮಾಡಿಸಿಕೊಂಡವರೇ ಹೆಚ್ಚು. ಆದರೆ ಮುಂದೆ ಹೇಳುವ ಊಟದ ಮಾತುಗಳಲ್ಲಿ ಹೆಚ್ಚಿನವು ದೊಡ್ಡ ಕರುಳು ಕಳೆದುಕೊಂಡ ಎಲ್ಲರಿಗೂ ಉಪಯುಕ್ತ.

ಕೊಳವೆಯ ಲೆಕ್ಕ

ಬೆಳಿಗ್ಗೆ ಭಾವ ಆ ಕೊಳವೆಯನ್ನು ನನಗೆ ತೋರಿಸಿದರು. ಪೆನ್ಸಿಲ್‌ಗಿಂತ ತುಸು ದಪ್ಪ. ಅಡ್ಡಳತೆ ಸುಮಾರು 10 ಮಿಲಿಮೀಟರ್, ಒಳಗಿನ ರಂಧ್ರ ಇನ್ನೂ ಸಣ್ಣದು. "ನಾನು ತಿಂದದ್ದೆಲ್ಲ ಇದರಲ್ಲಿ ಇಳಿಯಬೇಕು. ಇಷ್ಟೇ ನನ್ನ ಪಥ್ಯ" ಎಂದರು.

ಈ ಒಂದು ಮಾತು ತಿಳಿದರೆ ಉದ್ದದ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಸಕ್ಕರೆ, ಎಣ್ಣೆ, ಮಾಂಸ, ಮೀನು, ಅನ್ನ ಇವೆಲ್ಲ ಸಣ್ಣ ಕರುಳಿನಲ್ಲೇ ಜೀರ್ಣವಾಗುತ್ತವೆ. ಜೀರ್ಣವಾಗದೆ ಹಾಗೆಯೇ ಉಳಿಯುವುದು ನಾರು, ಸಿಪ್ಪೆ ಮತ್ತು ಬೀಜ. ಅವು ತುಂಡು ತುಂಡಾಗಿ ಚೀಲಕ್ಕೆ ಬಂದು ಕೊಳವೆಯ ಬಾಯಿಗೆ ಅಂಟಿಕೊಳ್ಳುತ್ತವೆ. ಎಲ್ಲ ಇಲಿಯಾಸ್ಟಮಿಯವರಲ್ಲೂ ಇವು ಕೆಲವೊಮ್ಮೆ ಕರುಳಿನಲ್ಲೇ ಗಂಟುಕಟ್ಟಿ ದಾರಿ ಮುಚ್ಚುವುದುಂಟು.

ಹೊರದೇಶದ ವೈದ್ಯರು ಕೊಡುವ ಪಟ್ಟಿಯಲ್ಲಿ ಅಣಬೆ, ಜೋಳದ ಕಾಳು, ಪಾಪ್‌ಕಾರ್ನ್, ಗೋಡಂಬಿ ಬಾದಾಮಿಯಂತಹ ಬೀಜಗಳು, ಒಣಹಣ್ಣು, ಹಸಿ ಎಲೆಕೋಸು, ಕಿತ್ತಳೆಯ ತೊಳೆಯ ಪೊರೆ, ಅನಾನಸು, ತೆಂಗಿನಕಾಯಿ ಇರುತ್ತವೆ. ನಮ್ಮ ಅಡುಗೆಮನೆಗೆ ಬಂದಾಗ ಆ ಪಟ್ಟಿಗೆ ಇನ್ನೂ ಕೆಲವನ್ನು ಸೇರಿಸಬೇಕಾಗುತ್ತದೆ. ಬಾಳೆದಿಂಡು, ಕಣಿಲೆ, ನುಗ್ಗೆಕಾಯಿಯ ಸಿಪ್ಪೆ, ಹಲಸಿನ ತೊಳೆ, ನಾರಿರುವ ಕಾಟು ಮಾವು, ಸಿಪ್ಪೆ ಸಹಿತವಾದ ಕಡಲೆ, ನೆಲಗಡಲೆ, ಬಸಳೆಯ ದಂಟು, ಒಗ್ಗರಣೆಯ ಕರಿಬೇವು, ಟೊಮೆಟೋ ಸಿಪ್ಪೆ ಇವೆಲ್ಲ ಆ ಸಾಲಿನವೇ. ಗಟ್ಟಿಯಾಗಿ ಬೆಂದ ಬೊಂಡಾಸ್ ಮತ್ತು ನಾರುನಾರಾದ ದನದ ಮಾಂಸವನ್ನೂ ಹಲ್ಲಿನಡಿ ಪೂರ್ತಿ ನುರಿಯದೆ ನುಂಗಬಾರದು.

ಹಾಗೆಂದು ಇವೆಲ್ಲ ಹರಾಮ್ ಆದಂತೆ ಭಾವಿಸಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಮೊದಲ ಕೆಲವು ವಾರ ಮೆತ್ತಗಿನ, ನಾರು ಕಡಿಮೆಯಿರುವ ಆಹಾರವನ್ನೇ ಕೊಡುತ್ತಾರೆ. ಅನಂತರ ವೈದ್ಯರ ಒಪ್ಪಿಗೆ ಪಡೆದು ಒಂದು ಬಾರಿಗೆ ಒಂದು ಹೊಸ ಪದಾರ್ಥ, ಅದೂ ಸ್ವಲ್ಪವೇ, ತಿಂದು ನೋಡಬೇಕು. ಹಿತವಾದರೆ ಮುಂದುವರಿಸಬಹುದು. ಆಗದಿದ್ದರೆ ಕೆಲವು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಬಹುದು. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ. ಏನು ತಿಂದೆ, ಏನಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಬೀಟ್‌ರೂಟ್ ತಿಂದರೆ ಕೆಂಪು ಬಣ್ಣ ಬರುತ್ತದೆ ಎಂಬುದನ್ನೂ ನೆನಪಿಡಬೇಕು. ರಕ್ತವೆಂದು ಗಾಬರಿಯಾಗುವುದು ತಪ್ಪುತ್ತದೆ.

ತೆಂಗಿನಕಾಯಿ ಬಿಡಬೇಕೇ?

ಕರಾವಳಿಯವರಿಗೆ ಇದು ದೊಡ್ಡ ಪ್ರಶ್ನೆ. ಸುಕ್ಕದಿಂದ ಹಿಡಿದು ಪಾಯಸದವರೆಗೆ ಕಾಯಿ ಇಲ್ಲದ ಅಡುಗೆ ನಮ್ಮಲ್ಲಿ ವಿರಳ. ಉತ್ತರ ಕಂಡುಕೊಂಡವರು ನನ್ನ ಉಮ್ಮ. ರಾತ್ರಿಯ ವಿಷಯ ತಿಳಿದು ಅವರು ತುಂಬ ಮರುಗಿದರು. ಮರುದಿನ ಭಾವನನ್ನು ಅಡುಗೆಮನೆಗೇ ಕರೆದು, "ಯಾವುದು ಸಿಕ್ಕಿಕೊಳ್ಳುತ್ತದೆ, ಯಾವುದು ಸಿಕ್ಕುವುದಿಲ್ಲ, ಸರಿಯಾಗಿ ಹೇಳು" ಎಂದು ಕುಳ್ಳಿರಿಸಿ ಕೇಳಿದರು. ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟೇ: "ಹಾಗಾದರೆ ತುರಿ ಬೇಡ, ಹಾಲು ಸಾಕು."

ಅಂದಿನಿಂದ ಭಾವ ಬಂದಾಗಲೆಲ್ಲ ಕಾಯಿಯನ್ನು ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುತ್ತಾರೆ. ರುಚಿಗೆ ಕೊರತೆಯಿಲ್ಲ, ಕೊಳವೆಗೆ ತೊಂದರೆಯಿಲ್ಲ. ಇದೇ ಉಪಾಯವನ್ನು ಬೇರೆ ಕಡೆಗೂ ಬಳಸಬಹುದು. ಟೊಮೆಟೋವನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆಯುವುದು, ಬೇಳೆಯನ್ನು ನುಣ್ಣಗೆ ಕಡೆಯುವುದು, ತರಕಾರಿಯ ಸಿಪ್ಪೆ ಬೀಜ ತೆಗೆದು ಮೆತ್ತಗೆ ಬೇಯಿಸುವುದು, ನುಗ್ಗೆಕಾಯಿಯ ತಿರುಳನ್ನು ಮಾತ್ರ ಕೆರೆದು ತಿನ್ನುವುದು, ಕರಿಬೇವನ್ನು ಬದಿಗಿಡುವುದು, ಹಣ್ಣಿನ ರಸವನ್ನು ಸೋಸಿ ಕುಡಿಯುವುದು. ಮಾಂಸವನ್ನು ಖೀಮಾ ಮಾಡಿ ಬೇಯಿಸಿದರೆ ಅಗಿಯುವ ಶ್ರಮವೂ ಉಳಿಯುತ್ತದೆ. ಅಕ್ಕಿರೊಟ್ಟಿ, ಪತ್ತಿರಿ, ಇಡ್ಲಿ, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಮಾಗಿದ ಬಾಳೆಹಣ್ಣು, ಬೆಂದ ಆಲೂಗಡ್ಡೆ ಇವು ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಬಿರಿಯಾನಿಯೂ ಆಗುತ್ತದೆ. ಆದರೆ ಇಡೀ ಏಲಕ್ಕಿ, ಲವಂಗ, ಚಕ್ಕೆ ಆರಿಸಿ ತೆಗೆಯಬೇಕು.

ಇವೆಲ್ಲಕ್ಕಿಂತ ದೊಡ್ಡ ಉಪಾಯ ಅಗಿಯುವುದು. ಸಣ್ಣ ತುತ್ತು, ನಿಧಾನ, ಬಾಯಲ್ಲಿ ಪೇಸ್ಟ್‌ನಂತಾಗುವವರೆಗೆ ಅಗಿಯುವುದು. ಕುಳಿತು, ಹತ್ತಿರದಿಂದ, ಆತುರವಿಲ್ಲದೆ ಉಣ್ಣಲು ನಾವು ಮಕ್ಕಳಿಗೆ ಮದ್ರಸಾದಲ್ಲಿ ಕಲಿಸುತ್ತೇವೆ. ಹೊಟ್ಟೆಯ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಪ್ರವಾದಿ(ಸ)ರ ಉಪದೇಶವನ್ನೂ ಹೇಳಿಕೊಡುತ್ತೇವೆ. ಆರೋಗ್ಯವಂತರಾದ ನಾವು ಅದನ್ನು ಮರೆತರೂ ನಡೆದುಹೋಗುತ್ತದೆ. ಚೀಲವಿರುವವರಿಗೆ ಅದನ್ನು ಮರೆತರೆ ಅಂದೇ ರಾತ್ರಿ ಗೊತ್ತಾಗುತ್ತದೆ.

ನೀರು ಮತ್ತು ಉಪ್ಪು

ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಮತ್ತು ಉಪ್ಪನ್ನು ಹೀರಿ ದೇಹಕ್ಕೆ ಮರಳಿಸುವುದು. ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ನೀರನ್ನು ಅದು ಹೀರುತ್ತದೆ. ಅದು ಇಲ್ಲದವರಿಗೆ ಈ ನೀರೂ ಅದರೊಂದಿಗೆ ಉಪ್ಪೂ ನಷ್ಟವಾಗುತ್ತಿರುತ್ತದೆ. ಬಾಯಾರಿಕೆ, ಕಾಲು ಸೆಳೆತ, ತಲೆಸುತ್ತು, ಕಡಿಮೆ ಮತ್ತು ಗಾಢ ಬಣ್ಣದ ಮೂತ್ರ ಇವು ಎಚ್ಚರಿಕೆಯ ಲಕ್ಷಣಗಳು. ಹೀಗೇ ಮುಂದುವರಿದರೆ ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವವೂ ಇದೆ.

ಕೆಲವರು ಚೀಲ ಬೇಗ ತುಂಬುತ್ತದೆಂದು ನೀರನ್ನೇ ಕಡಿಮೆ ಮಾಡುತ್ತಾರೆ. ಇದು ತಪ್ಪು. ನೀರು ಕಡಿಮೆಯಾದರೆ ದೇಹ ಒಣಗುತ್ತದೆ, ಚೀಲದಲ್ಲಿರುವುದು ಗಟ್ಟಿಯಾಗಿ ಕೊಳವೆಯಲ್ಲಿ ಇಳಿಯುವುದಿಲ್ಲ. ಭೇದಿಯಂತೆ ಹೆಚ್ಚು ಹೋಗುತ್ತಿರುವಾಗ ಬರೀ ನೀರನ್ನು ಲೀಟರುಗಟ್ಟಲೆ ಕುಡಿಯುವುದೂ ತಪ್ಪು. ಅದು ದೇಹದ ಉಪ್ಪನ್ನು ಕರುಳಿಗೆ ಎಳೆದುಕೊಂಡು ಹೊರಹೋಗುತ್ತದೆ. ಆಗ ಬೇಕಾದದ್ದು ಓಆರ್‌ಎಸ್. ಅದರಲ್ಲಿ ಉಪ್ಪೂ ಗ್ಲುಕೋಸೂ ಸರಿಯಾದ ಪ್ರಮಾಣದಲ್ಲಿ ಇರುವುದರಿಂದ ಸಣ್ಣ ಕರುಳು ನೀರನ್ನು ಹೀರಿಕೊಳ್ಳುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು.

ಉಪ್ಪು ಹಾಕಿದ ಗಂಜಿ ಮತ್ತು ಮಜ್ಜಿಗೆ ನಮ್ಮ ಮನೆಯ ಔಷಧಿಗಳು. ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಪೊಟಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಅದಕ್ಕೆ ಚಿಟಿಕೆ ಉಪ್ಪು ಬೇಕು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪು ಮತ್ತು ಎಳನೀರಿನ ಬಗ್ಗೆ ವೈದ್ಯರನ್ನು ಕೇಳಲೇಬೇಕು. ತುಂಬ ಸಿಹಿಯಾದ ಶರಬತ್ತು ಮತ್ತು ಬಾಟಲಿಯ ಪಾನೀಯಗಳು ಭೇದಿಯನ್ನು ಹೆಚ್ಚಿಸುತ್ತವೆ. ಸೋಡಾದಿಂದ ಚೀಲದಲ್ಲಿ ಗಾಳಿ ತುಂಬುತ್ತದೆ.

ಚೀಲದಲ್ಲಿರುವುದು ಗಟ್ಟಿಯಾದರೆ ದ್ರಾಕ್ಷಿ ರಸ ಅದನ್ನು ತೆಳುವಾಗಿಸುತ್ತದೆ. ತುಂಬ ತೆಳುವಾದರೆ ಅನ್ನ, ಬಾಳೆಹಣ್ಣು, ಸಾಬಕ್ಕಿ ಗಂಜಿ ಅದನ್ನು ಗಟ್ಟಿಯಾಗಿಸುತ್ತವೆ. ಹೀಗೆ ಊಟದಿಂದಲೇ ಹದ ಮಾಡಿಕೊಳ್ಳಲು ಸಾಧ್ಯ.

ಹಸಿದಿರುವುದು ಪರಿಹಾರವಲ್ಲ

ಭಾವ ನನಗೆ ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಶಸ್ತ್ರಚಿಕಿತ್ಸೆಯ ಬಳಿಕ ಒಂದು ವರ್ಷ ಅವರು ಬ್ರೆಡ್ಡು, ಚಹಾ ಮತ್ತು ಬಿಳಿ ಅನ್ನದಲ್ಲೇ ದಿನ ಕಳೆದರಂತೆ. ಜುಮಾಕ್ಕೆ ಹೋಗುವ ದಿನ ಬೆಳಗ್ಗಿನಿಂದ ಏನೂ ತಿನ್ನುತ್ತಿರಲಿಲ್ಲವಂತೆ. ತೂಕ ಇಳಿಯಿತು, ನಿಶ್ಶಕ್ತಿ ಬಂತು. ವೈದ್ಯರು ಬೈದ ಮೇಲೆ ಹೆದರಿಕೆ ಬಿಟ್ಟರು.

ಊಟ ಬಿಟ್ಟರೆ ಚೀಲ ಖಾಲಿ ಇರುತ್ತದೆ ಎಂಬುದು ಭ್ರಮೆ. ಕರುಳು ತನ್ನ ರಸವನ್ನು ಸುರಿಸುತ್ತಲೇ ಇರುತ್ತದೆ. ಹೊಟ್ಟೆ ಖಾಲಿಯಾದಷ್ಟು ಗಾಳಿಯೂ ನೀರೂ ಹೆಚ್ಚು. ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನುವುದೇ ಕ್ಷೇಮ. ನೀರುಳ್ಳಿ, ಕೋಸು, ಕಾಳುಗಳಿಂದ ಗಾಳಿಯಾಗುವವರು ಹೊರಗೆ ಹೋಗುವ ದಿನ ಅವನ್ನು ಬಿಟ್ಟರೆ ಸಾಕು.

ನಮಾಝಿನ ಬಗ್ಗೆಯೂ ಒಂದು ಮಾತು. ಹೊರಚೀಲಕ್ಕೆ ಸದಾ ಮಲ ಬರುತ್ತಿರುವವರನ್ನು ಶರೀಅತ್ ನಿರ್ಬಂಧಿತ ಸ್ಥಿತಿಯವರೆಂದು ಕಂಡು ರಿಯಾಯಿತಿ ನೀಡಿದೆ. ಅವರ ನಮಾಝ್ ತಪ್ಪಬೇಕಿಲ್ಲ, ಮಸೀದಿಯಿಂದ ದೂರವಿರಬೇಕಿಲ್ಲ. ಒಳಚೀಲದವರಿಗೆ ಖಾಲಿ ಮಾಡುವವರೆಗೆ ಏನೂ ಹೊರಬರುವುದಿಲ್ಲ. ಖಾಲಿ ಮಾಡಿ ಶುಚಿಗೊಂಡು ವುಝೂ ಮಾಡಿದರಾಯಿತು. ವಿವರಗಳನ್ನು ತಮ್ಮ ಮದ್ಹಬ್‌ನ ವಿದ್ವಾಂಸರಲ್ಲಿ ನಾಚಿಕೆಯಿಲ್ಲದೆ ಕೇಳಬೇಕು. ದೀನಿನ ಪ್ರಶ್ನೆ ಕೇಳಲು ನಾಚಿಕೆ ಅಡ್ಡಿಯಾಗಬಾರದು.

ರಮಝಾನ್ ಬಂದಾಗ

ಮೊದಲ ರಮಝಾನ್‌ನಲ್ಲಿ ಭಾವ ಹಟದಿಂದ ಉಪವಾಸ ಹಿಡಿದರು. ನಾಲ್ಕನೆಯ ದಿನ ತಲೆ ಸುತ್ತಿ ಬಿದ್ದು ಆಸ್ಪತ್ರೆಯಲ್ಲಿ ಗ್ಲುಕೋಸ್ ಬಾಟಲಿ ಏರಿಸಬೇಕಾಯಿತು. "ಉಪವಾಸ ಬಿಟ್ಟೆನೆಂಬ ದುಃಖ ಕಾಯಿಲೆಗಿಂತ ದೊಡ್ಡದಾಗಿತ್ತು" ಎಂದು ಅವರು ಹೇಳುವಾಗ ಕಣ್ಣು ತೇವವಾಗಿತ್ತು.

ಹದಿಮೂರು ಗಂಟೆ ನೀರಿಲ್ಲದೆ ಇರುವುದು ದೊಡ್ಡ ಕರುಳು ಇರುವವರಿಗೂ ಇಲ್ಲದವರಿಗೂ ಒಂದೇ ಅಲ್ಲ. ರೋಗಿಗೆ ಉಪವಾಸದಿಂದ ವಿನಾಯಿತಿ ಕೊಟ್ಟವನು ಅಲ್ಲಾಹನೇ. ಸೂರಃ ಅಲ್‌ಬಕರಃದ 184 ಮತ್ತು 185ನೇ ಆಯತ್‌ಗಳಲ್ಲಿ ಇದು ಸ್ಪಷ್ಟವಾಗಿದೆ. ಗುಣವಾಗುವ ನಿರೀಕ್ಷೆಯಿರುವ ರೋಗಿ ಬೇರೆ ದಿನಗಳಲ್ಲಿ ಪೂರೈಸುತ್ತಾನೆ. ಎಂದಿಗೂ ಹಿಡಿಯಲಾಗದವನು ದಿನಕ್ಕೊಬ್ಬ ಬಡವನ ಆಹಾರವನ್ನು ಫಿದ್ಯಾ ಆಗಿ ಕೊಡುತ್ತಾನೆ. ಯಜಮಾನನೇ ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದು ದಾಸನಿಗೆ ಕೀಳಲ್ಲ.

ಕೆಲವರಿಗೆ ವೈದ್ಯರು ಒಪ್ಪಿಗೆ ಕೊಡಬಹುದು. ಅಂತಹವರು ಇಫ್ತಾರ್‌ನಿಂದ ಸಹರಿಯವರೆಗೆ ನೀರು, ಓಆರ್‌ಎಸ್, ಉಪ್ಪಿನ ಗಂಜಿಯನ್ನು ಹಂಚಿ ಕುಡಿಯಬೇಕು. ಒಂದೇ ಬಾರಿಗೆ ಹೊಟ್ಟೆ ತುಂಬಿಸಬಾರದು. ಖರ್ಜೂರವನ್ನು ನೆನೆಸಿ ಸಿಪ್ಪೆ ತೆಗೆದು ತಿನ್ನಬೇಕು. ಎಣ್ಣೆಯ ತಿಂಡಿ ಮಿತವಾಗಿರಲಿ. ಉಪವಾಸದ ಹೊತ್ತಿನಲ್ಲಿ ಕೊಳವೆ ಇಳಿಸುವ ಮತ್ತು ಚೀಲಕ್ಕೆ ನೀರು ಹಾಕುವ ವಿಚಾರವನ್ನು ವಿದ್ವಾಂಸರಿಗೆ ಬಿಡಿಸಿ ಹೇಳಿ ಉತ್ತರ ಪಡೆಯಬೇಕು. ತಲೆಸುತ್ತು ಬಂದರೆ ಉಪವಾಸ ಮುರಿಯಲು ಹಿಂಜರಿಯಬಾರದು.

ಕೊಳವೆ ಕಟ್ಟಿಕೊಂಡರೆ

ಅಂದು ರಾತ್ರಿ ಭಾವ ಮಾಡಿದ್ದು ಇಷ್ಟು. ಕೊಳವೆಯನ್ನು ಹೊರತೆಗೆದು ತೊಳೆದರು, ಜೆಲ್ಲಿ ಹಚ್ಚಿ ಮತ್ತೆ ಇಳಿಸಿದರು. ಸಿರಿಂಜಿನಲ್ಲಿ ಸುಮಾರು 30 ಮಿಲಿಲೀಟರ್ ಉಗುರುಬೆಚ್ಚಗಿನ ನೀರನ್ನು ಮೆಲ್ಲಗೆ ಒಳಬಿಟ್ಟರು. ಕೆಮ್ಮಿದರು, ಮಗ್ಗುಲು ಬದಲಿಸಿದರು. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ತುರಿ ಸಡಿಲವಾಗಿ ಚೀಲ ಖಾಲಿಯಾಯಿತು, ಅಲ್‌ಹಮ್ದುಲಿಲ್ಲಾಹ್. ಬಲವಂತವಾಗಿ ತಳ್ಳಬಾರದು. ಕವಾಟಕ್ಕೆ ಗಾಯವಾದೀತು.

ಕೊಳವೆ ಒಳಗೆ ಇಳಿಯುವುದೇ ಇಲ್ಲವಾದರೆ, ಇಳಿದರೂ ಏನೂ ಬರದಿದ್ದರೆ, ಹೊಟ್ಟೆ ಉಬ್ಬಿ ನೋವು ವಾಂತಿ ಆದರೆ ಬೆಳಗಾಗಲೆಂದು ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜ್ವರ, ರಕ್ತ, ಪದೇ ಪದೇ ನೀರಿನಂತೆ ಹೋಗುವುದು ಚೀಲದ ಉರಿಯೂತದ ಲಕ್ಷಣವಾಗಿರಬಹುದು. ಅದಕ್ಕೆ ಚಿಕಿತ್ಸೆಯಿದೆ. ಭೇದಿ ಮಾತ್ರೆ ತೆಗೆದುಕೊಳ್ಳಲೇಬಾರದು. ನಿಧಾನವಾಗಿ ಕರಗುವ ಮಾತ್ರೆಗಳು ಕರಗದೆಯೇ ಹೊರಬೀಳಬಹುದಾದ್ದರಿಂದ ಯಾವ ವೈದ್ಯರ ಬಳಿ ಹೋದರೂ ಚೀಲದ ವಿಷಯ ಹೇಳಬೇಕು. ಬಿ12 ಜೀವಸತ್ವವನ್ನು ಹೀರುವುದು ಸಣ್ಣ ಕರುಳಿನ ಕೊನೆಯ ಭಾಗ. ಚೀಲ ಮಾಡಿದ್ದೂ ಅದರಿಂದಲೇ. ಆದುದರಿಂದ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಪ್ರಯಾಣದಲ್ಲಿ ಒಂದು ಹೆಚ್ಚಿನ ಕೊಳವೆ, ಸಿರಿಂಜ್ ಮತ್ತು ತನಗೆ ಇಂತಹ ಚೀಲವಿದೆ, ಕೊಳವೆಯಿಂದ ಖಾಲಿ ಮಾಡಬೇಕು ಎಂದು ಬರೆದ ಚೀಟಿ ಜೇಬಿನಲ್ಲಿರಲಿ. ಪ್ರಜ್ಞೆ ತಪ್ಪಿದರೆ ಆ ಚೀಟಿಯೇ ಮಾತನಾಡುತ್ತದೆ.

ಮನೆಯವರ ಪಾಲು

ಸಹೋದರಿಯರೇ, ಅತಿಥಿ ಸತ್ಕಾರ ನಮ್ಮ ಈಮಾನಿನ ಭಾಗ. ಆದರೆ "ಇನ್ನೊಂದು ತುತ್ತು, ನನ್ನ ಮೇಲಾಣೆ" ಎಂಬ ಒತ್ತಾಯ ಸತ್ಕಾರವಲ್ಲ. ಬೇಡವೆನ್ನುವವರ ಹಿಂದೆ ಒಂದು ಕಾಯಿಲೆ ಇರಬಹುದು, ಹೇಳಲಾಗದ ಒಂದು ಸಂಕಟ ಇರಬಹುದು. ಅವರನ್ನು ಒಂದಿಷ್ಟು ಬದಿಗೆ ಕರೆದು, "ನಿಮಗೆ ಏನು ಹಿತ?" ಎಂದು ಕೇಳಿದರೆ ಅವರ ಅರ್ಧ ಭಾರ ಇಳಿಯುತ್ತದೆ. ಚೀಲವಿರುವವರೂ ಮನೆಯ ಒಬ್ಬರಿಗಾದರೂ ವಿಷಯ ತಿಳಿಸಬೇಕು. ಗೊತ್ತಿಲ್ಲದವರು ಪ್ರೀತಿಯಿಂದಲೇ ತೊಂದರೆ ಕೊಡುತ್ತಾರೆ.

ಈಗ ಭಾವ ಊರಿಗೆ ಬಂದಾಗ ಉಮ್ಮ ಮದುವೆ ಮನೆಯಲ್ಲೂ ಅವರ ಪಕ್ಕದಲ್ಲಿ ನನ್ನನ್ನು ಕುಳ್ಳಿರಿಸುತ್ತಾರೆ. "ಅವನು ಅಗಿಯುವಾಗ ಯಾರೂ ಮಾತನಾಡಿಸದಂತೆ ನೋಡಿಕೋ" ಎಂಬುದು ನನಗೆ ವಹಿಸಿದ ಕೆಲಸ. ಬಡಿಸುವ ಹುಡುಗರಿಗೆ ಸುಕ್ಕದ ಬದಲು ಹಾಲು ಸಾರು ತರಲು ಮೊದಲೇ ಹೇಳಿರುತ್ತಾರೆ. ಭಾವ ಎಲ್ಲರಿಗಿಂತ ಕೊನೆಗೆ ಏಳುತ್ತಾರೆ, ಆದರೆ ಹೊಟ್ಟೆ ತುಂಬ ಉಂಡು ಏಳುತ್ತಾರೆ.

ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ. ಅವರ ಮನಸ್ಸನ್ನು ಅರಿಯುವ ಬುದ್ಧಿಯನ್ನು ನಮಗೂ ನೀಡಲಿ, ಆಮೀನ್.